ಆಡಿ ತಿಂಗಳ ಮೂಗು

ಹದಿಮೂರು ರಾತ್ರಿ ಕೂತೇ ನಿದ್ದೆ ಮಾಡಿದ ಸರವಣಕುಮಾರ್ ಆ ದಿನ ಬೆಳಗ್ಗೆಯೂ ಎದ್ದವನೇ ಮೊದಲು ಕನ್ನಡಿಯ ಮುಂದೆ ನಿಂತು ತನ್ನ ಮೂಗನ್ನು ವಿಚಾರಿಸಿಕೊಂಡ. ಇತ್ತು. ಇರುವುದೇನೋ ಇತ್ತು, ಎಷ್ಟು ಇದೆ ಅನ್ನುವುದೇ ತಕರಾರು. ಬೆಳಗಿನ ಮೂಗು ಬೇರೆ, ಸಂಜೆಯ ಮೂಗು ಬೇರೆ. ಎದ್ದಾಗ ದಪ್ಪ, ಮಧ್ಯಾಹ್ನದ ಹೊತ್ತಿಗೆ ಕೊಂಚ ಸಾಧು, ಬಿಸಿಲಿಗೆ ಹೋಗಿ ಬಂದರೆ ಮತ್ತೆ ಮುನಿಸು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಹೊರದೇಶದ ಖರೀದಿದಾರರನ್ನು ಸಂಭಾಳಿಸುವ ಕೆಲಸ ಅವನದು; ಯಾವ ಬಟ್ಟೆ ಮೊದಲ ಒಗೆತಕ್ಕೆ ಎಷ್ಟು ಕುಗ್ಗುತ್ತದೆ ಎಂದು ಎರಡು ಬೆರಳಲ್ಲಿ ಉಜ್ಜಿ ಹೇಳಬಲ್ಲ. ಅದೇ ಮನುಷ್ಯ ಸ್ವಂತ ಮೂಗು ಎಷ್ಟು ಕುಗ್ಗೀತು ಎಂದು ತಿಳಿಯದೆ ದಿನಕ್ಕೊಂದು ಫೋಟೋ ತೆಗೆದುಕೊಂಡು, ಅದೇ ಕಿಟಕಿ, ಅದೇ ಬೆಳಕು, ಅದೇ ಎಡಮಗ್ಗುಲು, ಮೊಬೈಲಿನಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ. ಆಪರೇಷನ್ ಆದ ಮರುದಿನದ ಮೊದಲ ಫೋಟೋದಲ್ಲಿ ಕಣ್ಣ ಸುತ್ತ ಬದನೆಕಾಯಿ ಬಣ್ಣ. ಏಳನೆಯದರಲ್ಲಿ ಮೂಗಿನ ಮೇಲಿನ ಪಟ್ಟಿ ಬಿಚ್ಚಿದ ಸಂಭ್ರಮ. ಹದಿಮೂರನೆಯದನ್ನು ತೆಗೆದು ನೋಡಿದ. ಹನ್ನೆರಡನೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ದೇವರಿಗೇ ಗೊತ್ತಿರಬೇಕು.

"ನೋಡಿ ನೋಡಿ ಅದಕ್ಕೇ ದೃಷ್ಟಿ ಆಗ್ತದೆಂಗ" ಎಂದಳು ಗೋಕಿಲಾ, ಅವನ ಹೆಂಡತಿ, ಬಾಗಿಲಲ್ಲಿ ನಿಂತು. ಅವಳ ಕೈಯಲ್ಲಿ ಊಟದ ಡಬ್ಬಿ. ಉಪ್ಪಿಲ್ಲದ ಅನ್ನ, ಉಪ್ಪಿಲ್ಲದ ಸೋರೆಕಾಯಿ, ಉಪ್ಪಿಲ್ಲದ ಬೇಳೆ. ಊತದ ಇಲಾಖೆ ಪೂರಾ ಅವಳ ವಶದಲ್ಲಿತ್ತು. ಮೊದಲ ಮೂರು ದಿನ ಬಟಾಣಿ ಪೊಟ್ಟಣವನ್ನು ಫ್ರೀಜರಿನಿಂದ ತೆಗೆದು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ, ಮೂಗಿಗೆ ತಾಗದ ಹಾಗೆ ಕೆನ್ನೆಯ ಮೇಲೆ ಇಟ್ಟು, ಗಡಿಯಾರ ನೋಡಿ ಎತ್ತಿದವಳು ಅವಳೇ. ಬಗ್ಗಬಾರದು. ಭಾರ ಎತ್ತಬಾರದು. ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಕನ್ನಡಕ ಮೂಗಿನ ಮೇಲೆ ಕೂರಬಾರದು. ಉಪ್ಪು ತಿಂದರೆ ಮೈ ನೀರು ಹಿಡಿಯುತ್ತದೆ, ನೀರು ಹಿಡಿದರೆ ಊತ, ಆದ್ದರಿಂದ ಉಪ್ಪು ಬಂದ್. ಜೋರಾಗಿ ನಗಲೂ ಬಾರದು, ಇದನ್ನು ಮಾತ್ರ ಗೋಕಿಲಾ ಪಾಲಿಸಗೊಡಲಿಲ್ಲ. ಐದನೆಯ ದಿನ ಅವನು ಬಾಯಿ ತೆರೆದು ಸೀನಿದಾಗ ಎದುರು ಮನೆಯ ನಾಯಿ ಬೊಗಳಿತು, ಅವಳು ನೆಲದ ಮೇಲೆ ಕೂತು ನಕ್ಕಳು, ಅವನು ನಗದೆ ಇರಲು ಎರಡೂ ಕೆನ್ನೆಗಳನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಗೋಡೆ ನೋಡುತ್ತ ನಿಂತ. ಮೂಗಿನೊಳಗೂ ಊತವಿದ್ದದ್ದರಿಂದ ವಾಸನೆ ಎಂಬುದು ಅವನ ಪಾಲಿಗೆ ಸತ್ತಿತ್ತು. ಉಪ್ಪೂ ಇಲ್ಲ, ವಾಸನೆಯೂ ಇಲ್ಲ, ಊಟವೆಂದರೆ ಬೆಚ್ಚಗಿರುವ ಏನೋ ಒಂದು ಗಂಟಲಲ್ಲಿ ಇಳಿಯುವುದು ಅಷ್ಟೆ.

"ಏನುಂಗ, ಇನ್ನೊಂದು ಸಲ ಪ್ರಾಕ್ಟೀಸ್ ಮಾಡೋಣವಾ?" ಎಂದಳು. ಇವತ್ತು ತಂಗಿ ನಿವೇತಾಳ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕಿವಿ ಚುಚ್ಚಿಸಬೇಕು; ಅದಕ್ಕೆಂದೇ ಹಿಂದಿನ ಸಂಜೆ ಅವನು ಚಕ್ಕಳಮಕ್ಕಳ ಕೂತು ತಲೆದಿಂಬನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ, ಅವಳು ಮಗುವಿನ ಹಾಗೆ ಚೀರಿ ದಿಂಬನ್ನು ಎತ್ತಿ ಎತ್ತಿ ಅವನ ಮುಖದ ಕಡೆ ನುಗ್ಗಿಸಿದ್ದಳು. ಆರು ಸಲದಲ್ಲಿ ನಾಲ್ಕು ಸಲ ಮೂಗು ಬಚಾವಾಗಿತ್ತು. "ಬೇಡ ತಾಯಿ" ಎಂದ. ಸೀರು ತಟ್ಟೆಗಳನ್ನು, ಅಂದರೆ ಸೋದರಮಾವನಾದ ತಾಯ್ಮಾಮ ಕೊಡಬೇಕಾದ ಬಟ್ಟೆ, ಹಣ್ಣು, ಚಿಕ್ಕ ಚಿನ್ನದ ಓಲೆ ಎಲ್ಲವನ್ನೂ, ಗೋಕಿಲಾಳೇ ಕಾರಿಗೆ ಹೊತ್ತು ಹಾಕಿದಳು. ಕನ್ನಡಕವಿಲ್ಲದ ಗಂಡನ ಕೈಗೆ ಸ್ಟೀರಿಂಗ್ ಕೊಡುವುದು ಹೇಗೆ, ಅದನ್ನೂ ಅವಳೇ ಹಿಡಿದಳು.

ಪಲ್ಲಡಂ ದಾಟುವಾಗ ಮುಂದೆ ಒಂದು ಕೋಳಿ ಲಾರಿ ಸಿಕ್ಕಿ, ಬಿಳಿ ಪುಕ್ಕಗಳು ಗಾಜಿಗೆ ಬಂದು ಅಂಟತೊಡಗಿದವು. ಅವನು ಗಾಜು ಪೂರಾ ಏರಿಸಿ, ಸೀನು ಬಂದೀತೆಂದು ಬಾಯಿ ತೆರೆದೇ ಕೂತ. ಎಲ್ಲಿ ತಪ್ಪಿದೆ ನಾನು? ತಪ್ಪಿದ್ದು ಕ್ಯಾಲೆಂಡರಿನಲ್ಲಿ. ಆಪರೇಷನ್ನಿಗೆ ಅವನು ಆಡಿ ತಿಂಗಳನ್ನೇ ಆರಿಸಿಕೊಂಡದ್ದು ಎಷ್ಟು ಯೋಚನೆ ಮಾಡಿ! ಆಡಿಯಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಮನೆ ಒಕ್ಕಲಿಲ್ಲ; ನೆಂಟರ ಮುಖ ನೋಡುವ ಹಾಗಿಲ್ಲ, ತನ್ನ ಮುಖ ತೋರಿಸುವ ಹಾಗೂ ಇಲ್ಲ. ಗೋಡೆಯ ತಮಿಳು ಕ್ಯಾಲೆಂಡರಿನ ಹಾಳೆ ಮಗುಚಿ ಮಗುಚಿ ಎಣಿಸಿದ್ದ, ಆಡಿ ಮುಗಿದು ಆವಣಿ ಹುಟ್ಟುವ ಹೊತ್ತಿಗೆ ಒಂದು ತಿಂಗಳಾಗಿರುತ್ತದೆ, ಯಾರಾದರೂ ಕೇಳಿದರೆ ಸೈನಸ್ ಅನ್ನಬಹುದು. ಬನಿಯನ್ ಕಂಪನಿಯಲ್ಲಿ ಹಾಗೇ ಅಂದಿದ್ದ, ಅಮ್ಮನಿಗೂ ಹಾಗೇ. ಆದರೆ ಪಟ್ಟಿ ಬಿಚ್ಚಿಸಿಕೊಂಡು ಪೀಳಮೇಡಿನ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಅವ್ವನ ಫೋನು. ಅವ್ವ ಅಂದರೆ ಅಪ್ಪನ ತಾಯಿ ಸುಬ್ಬಾತಾಳ್, ಎಂಬತ್ತನಾಲ್ಕು ವರ್ಷ, ಪೊಳ್ಳಾಚಿ ಪಕ್ಕದ ತೋಟದಿಂದಲೇ ಇಡೀ ವಂಶವನ್ನು ಆಳುವವಳು, ಮೊಮ್ಮಗನನ್ನು ಇನ್ನೂ ಮುದ್ದಿಗೆ ಅಪ್ಪುನು ಎಂದೇ ಕರೆಯುವವಳು. "ಅಪ್ಪುನು, ನಿನ್ನೆ ಅಮಾಸೆಗೆ ಆಷಾಢ ಮುಗೀತು. ಶ್ರಾವಣ ಬಂತು. ನಿವೇತಾ ಮಗಳಿಗೆ ಮುಂದಿನ ವಾರ ಮುಡಿ ತೆಗೆದು ಕಿವಿ ಚುಚ್ಚೋಣ ಅಂತ ಮಾಡೀನಿ." "ಅವ್ವ, ಇದು ಆಡಿ!" "ಆಡಿ ತಮಿಳರಿಗೆ, ಅಪ್ಪುನು. ನಮ್ದು ಚಂದ್ರನ ಲೆಕ್ಕ. ಕಿವಿ ಚುಚ್ಚೋ ಆಸಾರೀನೂ ಬಿಡುವಾಗಿದಾನೆ, ಅಡಿಗೆಯವನೂ ಬಿಡುವಾಗಿದಾನೆ, ಇಂಥ ಕಾಲ ಸಿಗ್ತದಾ?" ಮಾರಾಟಕ್ಕೆ, ಖರೀದಿಗೆ, ಸ್ಕೂಲಿಗೆ, ಸಂಬಳಕ್ಕೆ ತಮಿಳು ತಿಂಗಳು, ಮನೆದೇವರ ಮುಂದೆ ಮಾತ್ರ ಎಷ್ಟೋ ತಲೆಮಾರಿನ ಹಿಂದೆ ಗಂಟು ಕಟ್ಟಿಕೊಂಡು ಬಂದ ಕನ್ನಡ ತಿಂಗಳು. ಇದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದಕ್ಷರ ಕನ್ನಡ ಓದಲು ಬಾರದ ತಲೆ ಅದನ್ನು ಮರೆತುಬಿಟ್ಟಿತ್ತು.

ಡಾಕ್ಟರು ಕೂಡ ಕನ್ನಡದವರೇ. ದಾವಣಗೆರೆ ಕಡೆಯವರು, ಭೂಮಿ ಅಂತ ಹೆಸರು, ಇವನು ಗೋಕಿಲಾ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ "ಅರೆ, ನೀವು ನಮ್ಮವರಾ!" ಎಂದು ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು. ಆಮೇಲೆ ಎಲ್ಲವನ್ನೂ ಪುಸ್ತಕದಂಥ ಕನ್ನಡದಲ್ಲಿ ವಿವರಿಸಿದರು. "ಹೆಚ್ಚಿನ ಊತ ಎರಡು ಮೂರು ತಿಂಗಳಲ್ಲಿ ಇಳಿಯುತ್ತೆ. ತುದಿಯ ಊತ ಹಟಮಾರಿ, ಒಂದು ವರ್ಷ ತಗೊಳ್ಳುತ್ತೆ. ನಿಮ್ಮ ನಿಜವಾದ ಮೂಗನ್ನ ನೀವು ಮುಂದಿನ ವರ್ಷ ನೋಡ್ತೀರಿ. ಆರು ವಾರ ಮಾತ್ರ ಏನೂ ತಾಗಬಾರದು, ಪೆಟ್ಟು ಬಿದ್ದರೆ ಸೊಟ್ಟಗಾದೀತು." ಅವನು "ಸರಿಂಗ ಡಾಕ್ಟರ್" ಎಂದ. ಅವರು ನಕ್ಕರು. ಕೆಟ್ಟ ನಗುವಲ್ಲ, ಆದರೂ ನಕ್ಕರು. ತಮಿಳಲ್ಲಿ ಮಾತಾಡಿದರೆ ಇವನ ತಮಿಳಲ್ಲಿ ಏನೋ ಇದೆ ಎಂದು ಸ್ಕೂಲಿನಲ್ಲಿ ನಕ್ಕಿದ್ದರು, ಕನ್ನಡದಲ್ಲಿ ಮಾತಾಡಿದರೆ ಕನ್ನಡದವರು ನಗುತ್ತಾರೆ, ಮಾತಾಡದೆ ಸುಮ್ಮನೆ ಪಕ್ಕಕ್ಕೆ ತಿರುಗಿ ನಿಂತರೆ ಮೂಗು. ಏಳನೇ ಕ್ಲಾಸಿನಲ್ಲಿ ಡ್ರಿಲ್ ಮಾಸ್ಟರು ಸಾಲು ನೇರ ಇದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, "ಡೇ ಕಿಳಿಮೂಕ್ಕಾ, ನೀ ಒಂದು ಹೆಜ್ಜೆ ಹಿಂದೆ ನಿಲ್ಲು, ಆಗ ಎಲ್ಲರ ಮೂಗೂ ಒಂದೇ ಗೆರೆಗೆ ಬರ್ತದೆ" ಎಂದಿದ್ದರು. ನೂರಿಪ್ಪತ್ತು ಹುಡುಗರು ನಕ್ಕರು. ಅವನೂ ನಕ್ಕ, ಅದೇ ಅವನಿಗೆ ಈಗಲೂ ಚುಚ್ಚುತ್ತಿದ್ದದ್ದು. ಆಮೇಲೆ ಎಷ್ಟೋ ವರ್ಷ ಅದು ಮರೆತೇ ಹೋಗಿತ್ತು, ವಿಡಿಯೋ ಕಾಲುಗಳು ಬರುವ ತನಕ. ಕ್ಯಾಮೆರಾ ಎಡಕ್ಕೆ, ಆರ್ಡರಿನ ವಿವರವಿದ್ದ ಸ್ಕ್ರೀನು ಬಲಕ್ಕೆ. ಬಲಕ್ಕೆ ನೋಡುತ್ತ ಮಾತಾಡಿದಷ್ಟು ಹೊತ್ತೂ ಮೂಲೆಯ ಚಿಕ್ಕ ಚೌಕದಲ್ಲಿ ಗಿಳಿಮೂಗೊಂದು ಗಂಭೀರವಾಗಿ ಹತ್ತಿ ಬಟ್ಟೆಯ ಬಗ್ಗೆ ಮಾತಾಡುತ್ತಿತ್ತು. ಮೂರು ವರ್ಷ ಅದನ್ನು ಸಹಿಸಿದ. ಕ್ಯಾಮೆರಾವನ್ನು ಆ ಸ್ಕ್ರೀನಿನ ಮೇಲೇ ಇಟ್ಟಿದ್ದರೆ ಸಾಕಿತ್ತು ಎಂದು ಆಪರೇಷನ್ ಆದ ಮೇಲೆ ಗೋಕಿಲಾ ಹೇಳಿದಳು.

ಆ ಮೂಗು ಅವನೊಬ್ಬನದಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಅದು ಇವನು ಹುಟ್ಟುವ ಮುಂಚೆಯೇ ತೀರಿಕೊಂಡ ತಾತ ಬೆಳ್ಳಿಯಪ್ಪನ ಮೂಗು. ಪೊಳ್ಳಾಚಿಯ ಬೆಲ್ಲದ ಸಂತೆಯಲ್ಲಿ ತಾತ ಒಂದು ಅಚ್ಚನ್ನು ಎತ್ತಿ ಮೂಗಿಗೆ ಹಿಡಿದರೆ ಸುತ್ತ ನಿಂತವರು ಮಾತು ನಿಲ್ಲಿಸುತ್ತಿದ್ದರಂತೆ. ಬಣ್ಣ ಬರಲು ಮದ್ದು ಹಾಕಿದ್ದರೆ ಅಚ್ಚನ್ನು ಮೆಲ್ಲಗೆ ಕೆಳಗಿಡುತ್ತಿದ್ದ, ಒಂದು ಮಾತೂ ಆಡುತ್ತಿರಲಿಲ್ಲ. ಮಾರುವವನು ತಲೆ ತಗ್ಗಿಸುತ್ತಿದ್ದ. ತಾತನಿಂದ ಆಕಾರ ಬಂತು, ಆ ಗುಣ ಬರಲಿಲ್ಲ. ಸರವಣನಿಗೆ ಹಾಲು ಉಕ್ಕಿ ಸೀದರೂ ಯಾರಾದರೂ ಹೇಳಬೇಕು. ಅಪ್ಪನಿಗೆ ಆ ಆಕಾರವೂ ಬರಲಿಲ್ಲ, ತಂಗಿ ನಿವೇತಾಗೆ ಬರಲಿಲ್ಲ. ಬಂದದ್ದು ನಿವೇತಾಳ ಮಗಳು ಯಾಳಿನಿಗೆ. ಆಡಿ ಹುಟ್ಟುವ ಎರಡು ದಿನ ಮುಂಚೆ ನಿವೇತಾ ಕುಟುಂಬದ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ್ದಳು: ಹತ್ತು ತಿಂಗಳ ಮಗು, ಪಕ್ಕಕ್ಕೆ ತಿರುಗಿ ಕಾಗೆ ನೋಡುತ್ತಿದೆ, ಮುಖದ ನಡುವೆ ಆ ಬಾಗು ಆಗಲೇ ಮೊಳೆತಿದೆ. "ನನ್ನ ಮಗಳಿಗೆ ನನ್ನ ಅಣ್ಣನ ಮೂಗು" ಎಂದು ಕೆಳಗೆ ಬರೆದಿದ್ದಳು. ಎಲ್ಲರೂ ಕೈ ಮುಗಿದರು, ಹೂ ಎರಚಿದರು. ಇವನು ಒಂದು ಕೆಂಪು ಹೃದಯ ಒತ್ತಿದ. ಒತ್ತಿದವನೇ, ಆಪರೇಷನ್ನಿನ ಹಿಂದಿನ ದಿನ ಎಷ್ಟು ಗಂಟೆಯಿಂದ ನೀರು ಕುಡಿಯಬಾರದು ಎಂಬ ಮೆಸೇಜನ್ನು ಓದಿಕೊಂಡ. ತಂಗಿಗೆ ಹೇಳಲಿಲ್ಲ. ಹೇಗೆ ಹೇಳುವುದು? ನಿನ್ನ ಮಗಳ ಮುಖದಲ್ಲಿ ನೀನು ಮುದ್ದು ಮಾಡುವುದನ್ನು ನನ್ನ ಮುಖದಿಂದ ಕತ್ತರಿಸಿ ಎಸೆಯಲು ಹೊರಟಿದ್ದೇನೆ ಎಂದೇ? ನಾಚಿಕೆಯಾಗುತ್ತಿತ್ತು ಅವನಿಗೆ. ಕಾರಿನಲ್ಲಿ ಬಾಯಿ ತೆರೆದು ಕೂತಿದ್ದ ಈ ಹೊತ್ತಿನಲ್ಲೂ ನಾಚಿಕೆಯಾಗುತ್ತಿತ್ತು. ಮೂಗಿಗೆ ಪೆಟ್ಟು ಬೀಳಬಾರದು, ನಿವೇತಾಗೆ ತಿಳಿಯಬಾರದು. ಈ ಎರಡು ದಾಟಿದರೆ ಸಾಕು ಮನೆದೇವತೆಯೇ ಎಂದು ಬೇಡಿಕೊಂಡ.

ತೆಂಗಿನ ತೋಟದ ನಡುವಿನ ವೀರಮ್ಮನ ಗುಡಿಯ ಮುಂದೆ ಶಾಮಿಯಾನ ಹಾಕಿದ್ದರು. ಕನ್ನಡಕವಿಲ್ಲದೆ ಅವನಿಗೆ ಕಂಡದ್ದು ಬಣ್ಣ ಬಣ್ಣದ ಮಸುಕು. ಒಂದು ನೀಲಿ ಮಸುಕು "ವಾಂಗ ಮಾಪ್ಳೆ" ಎಂದು ಬರಮಾಡಿಕೊಂಡಿತು, ಇವನು ಅದರ ಪಕ್ಕದ ಕಂಬಕ್ಕೆ ಕೈ ಮುಗಿದ. ನೀಲಿ ಮಸುಕು ತಂಗಿಯ ಗಂಡ ಸೆಂದಿಲ್ ಕುಮಾರ್ ಆಗಿತ್ತು. ನಿವೇತಾಳ ಅತ್ತೆ ಜಾನಮ್ಮ ಎದುರಿಗೇ ನಿಂತು ನಕ್ಕರೂ ಗುರುತು ಸಿಗದೆ ದಾಟಿಹೋದ. ಹಿಂದಿನಿಂದ ಅವರು ಯಾರಿಗೋ ಹೇಳುವುದು ಕೇಳಿಸಿತು: "ತಾಯ್ಮಾಮನಿಗೆ ನಾವೆಲ್ಲ ಕಣ್ಣಿಗೆ ಬೀಳ್ತೀವಾ? ಎಕ್ಸ್‌ಪೋರ್ಟ್ ಕಂಪನಿ ಅಲ್ಲವಾ!" ಮುಂದೆ ಅವ್ವ, ಹಗ್ಗದ ಮಂಚದ ಮೇಲೆ. ಕಾಲಿಗೆ ಬೀಳಬೇಕು. ಬಗ್ಗಬಾರದು. ಅವನು ಬೆನ್ನು ನೆಟ್ಟಗಿಟ್ಟುಕೊಂಡೇ ಮೊಣಕಾಲು ಮಡಿಸಿ ಮೆಲ್ಲಗೆ ಕೆಳಗಿಳಿದು, ಮುಖ ಮೇಲೇ ಇಟ್ಟು, ಕೈ ಮಾತ್ರ ಚಾಚಿ ಅವ್ವನ ಪಾದ ಹುಡುಕಿದ. ಸಿಕ್ಕಿದ್ದು ಮಂಚದ ಕಾಲು.

"ಏನಪ್ಪ ಇದು" ಎಂದಳು ಅವ್ವ, "ಬೆನ್ನಿಗೂ ಸೈನಸ್ಸಾ?"

ಸುತ್ತ ನಗು. ಗೋಕಿಲಾ ಸೆರಗು ಬಾಯಿಗೆ ಒತ್ತಿಕೊಂಡಳು, ದ್ರೋಹಿ. ಅವ್ವ ಅವನ ಗಲ್ಲ ಹಿಡಿದು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಅವಳಿಗೆ ಈಗ ಇರುವೆಯ ಕಾಲೂ ಕಾಣುತ್ತಿತ್ತು. "ಮುಖದಾಗ ಏನೋ ಕಳಕೊಂಡಂಗೆ ಇದೀಯಲ್ಲ ಅಪ್ಪುನು" ಎಂದಳು ನಿಧಾನವಾಗಿ. "ಇಳಿದು ಹೋಗಿದಾರೆ ಅವ್ವ, ಸರಿಯಾಗಿ ಊಟ ಇಲ್ಲ" ಎಂದು ಗೋಕಿಲಾ ನಡುವೆ ಬಂದಳು, ಬಂದವಳೇ ಅದೇ ಉಸಿರಿನಲ್ಲಿ, "ಡಾಕ್ಟರು ಮಗೂನ ಎತ್ತಬೇಡಿ ಅಂದಿದಾರೆ. ನಂದಕುಮಾರ್ ಕೂರಿಸ್ಕೊಳ್ಳಲಿ, ಅವನೂ ಮಾಮನೇ ಅಲ್ಲವಾ" ಎಂದು ಹಾಕಿದಳು. ನಂದಕುಮಾರ್ ಚಿಕ್ಕಪ್ಪನ ಮಗ, ಆಗಲೇ ಜುಬ್ಬದ ತೋಳು ಏರಿಸಿಕೊಂಡು ಸಿದ್ಧವಾಗಿದ್ದ.

"ಯಾಕೆ?" ಎಂದಳು ಅವ್ವ. "ಆಪರೇಷನ್ ಆಗಿದ್ದು ಮೂಗಿಗೆ. ಕೂರಿಸ್ಕೊಳ್ಳೋದು ಮಡಿಲಿಗೆ. ಮಡಿಲಿಗೆ ಮೂಗ್ಯಾಕೆ ಬೇಕು?"

ನಿವೇತಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದು ನಿಂತಿದ್ದಳು. ಜಾನಮ್ಮನ ಕಡೆಯವರೆಲ್ಲ ಇತ್ತಲೇ ನೋಡುತ್ತಿದ್ದರು. ಒಡಹುಟ್ಟಿದ ಅಣ್ಣ ಇದ್ದೂ ಮಗಳಿಗೆ ಮಡಿಲು ಸಿಗಲಿಲ್ಲ ಎಂದು ಈ ಜನ ಯಾಳಿನಿಯ ಮದುವೆಯ ತನಕ ಹೇಳುತ್ತಾರೆ, ಮದುವೆಯಲ್ಲೂ ಹೇಳುತ್ತಾರೆ. "ಆಗಲ್ಲ ಅಂದ್ರೆ ಬೇಡ ಅಣ್ಣ" ಎಂದಳು ನಿವೇತಾ, ಹಗುರವಾಗಿಯೇ, ಆದರೆ ಮಗುವಿನ ಬೆನ್ನ ಮೇಲಿದ್ದ ಅವಳ ಕೈ ತಟ್ಟುವುದನ್ನು ನಿಲ್ಲಿಸಿತ್ತು. "ಆಗಲ್ಲ ಅಂತ ಯಾರು ಹೇಳಿದ್ದು?" ಎಂದು ಸರವಣಕುಮಾರ್ ಚಾಪೆಯ ಮೇಲೆ ಹೋಗಿ ಕೂತೇ ಬಿಟ್ಟ. ಗೋಕಿಲಾ ಹಣೆ ಚಚ್ಚಿಕೊಂಡಳು.

ಮುಡಿ ತೆಗೆಯುವಾಗ ಮಗು ತುಟಿ ಪಿಟಕ್ಕೆನ್ನಲಿಲ್ಲ. ಕತ್ತಿಯ ಕರಕರ ಸದ್ದಿಗೆ ಕಣ್ಣು ಅರಳಿಸಿಕೊಂಡು, ಮಾಮನ ಅಂಗಿಯ ಗುಂಡಿಯನ್ನು ಚೀಪುತ್ತ ಕೂತಿತು. ನೀರು ಹುಯ್ದು, ಬೋಳು ತಲೆಗೆ ದಪ್ಪಗೆ ಗಂಧ ಬಳಿದು ಮತ್ತೆ ಮಡಿಲಿಗೆ ಹಾಕಿದರು. ಇಷ್ಟು ಹತ್ತಿರದಿಂದ ಅವನಿಗೆ ಕನ್ನಡಕ ಬೇಕಾಗಿರಲಿಲ್ಲ. ಆ ಮೂಗು! ಕೂದಲು ಹೋದ ಮೇಲೆ ಮುಖದಲ್ಲಿ ಅದೊಂದೇ ಉಳಿದಿತ್ತು. ನಡುವೆ ಒಂದು ಚಿಕ್ಕ ಏರು, ಆಮೇಲೆ ಕೆಳಕ್ಕೆ ಒಂದು ಬಾಗು, ಅಳತೆ ತೆಗೆದು ಹೊಲಿದ ಹಾಗೆ. ಅವನ ಹಳೆಯ ಮೂಗೇ ಹತ್ತು ತಿಂಗಳ ಹುಡುಗಿಯಾಗಿ ಅವನ ಮಡಿಲಲ್ಲಿ ಕೂತು, ಏನಪ್ಪ ನನ್ನನ್ನು ಬಿಟ್ಟೆಯಾ ಎಂದು ಕೇಳುವಂತೆ ನೋಡುತ್ತಿತ್ತು. ಮತ್ತು ಅದು ಚೆನ್ನಾಗಿತ್ತು. ಅಯ್ಯೋ ಪರಮಾತ್ಮ, ಅದು ಎಷ್ಟು ಚೆನ್ನಾಗಿತ್ತು! ಮೂವತ್ತಾರು ವರ್ಷ ಒಂದು ದಿನವೂ ಇವನು ಅದನ್ನು ಎದುರಿನಿಂದ, ಬೇರೊಬ್ಬರ ಮುಖದಲ್ಲಿ, ಬಿಸಿಲಿನಲ್ಲಿ ನೋಡಿರಲಿಲ್ಲ.

ಅಂಗಪ್ಪನ್ ಆಸಾರಿ ಚಿನ್ನದ ತಂತಿಯ ತುದಿಯನ್ನು ಉಜ್ಜಿ ಚೂಪು ಮಾಡಿಕೊಂಡು ಮುಂದೆ ಬಂದು ಕೂತ. ಕಿವಿಯ ಮೇಲೆ ಕುಂಕುಮದ ಚುಕ್ಕೆ ಇಟ್ಟ. "ಮಾಮಾ, ಪಾಪಾವ ಕೆಟ್ಟಿಯಾ ಪುಡಿಚ್ಚುಕ್ಕೋಂಗ" ಎಂದ, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದು. ಸರವಣ ಹಿಡಿದ, ಆದರೆ ತಲೆಯನ್ನು ಎಷ್ಟು ಸಾಧ್ಯವೋ ಅಷ್ಟು ಹಿಂದಕ್ಕೆ ಎಳೆದು, ಮುಖವನ್ನು ಆಕಾಶಕ್ಕೆ ಕೊಟ್ಟು. ತೆಂಗಿನ ಗರಿ ಕಾಣಿಸಿತು. "ಭಕ್ತಿ ನೋಡು" ಎಂದಿತು ಒಂದು ದನಿ. ತಂತಿ ತಾಗಿದ್ದೇ ತಡ ಮಗು ಕಿಟಾರನೆ ಕಿರುಚಿ ಮೀನಿನಂತೆ ಜಿಗಿಯಿತು. ಮುಖ ಉಳಿಸಿಕೊಳ್ಳುವ ಗಾಬರಿಯಲ್ಲಿ ಅವನ ಕೈ ಸಡಿಲವಾಯಿತು, ಮಗು ಅರ್ಧ ಜಾರಿತು, ಆಸಾರಿ ಕೈ ಹಿಂದಕ್ಕೆ ತೆಗೆದುಕೊಂಡು ತಂತಿಯನ್ನು ತೊಡೆಗೆ ಒರೆಸಿದ. "ನೀವು ಬಾನ ನೋಡ್ತಿದ್ರೆ ನಾ ಎಲ್ಲಿ ಚುಚ್ಚಲಿ?" ಎಂದು ತಮಿಳಿನಲ್ಲಿ ಕೇಳಿದ. ಯಾರೂ ನಗಲಿಲ್ಲ. ಮುಖ ಇಳಿಸಿ ನೋಡಿದಾಗ ನಿವೇತಾ ತುಟಿ ಕಚ್ಚಿಕೊಂಡು ನಿಂತಿದ್ದಳು, ಮಗು ನೀರಲ್ಲಿ ಮುಳುಗುವವರ ಹಾಗೆ ಅವನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಹಿಡಿದುಕೊಂಡಿದ್ದು ಇವನನ್ನೇ! ಮೂಗಿಗಾಗಿ ಇವನು ಬಿಟ್ಟರೂ ಅದು ಬಿಟ್ಟಿರಲಿಲ್ಲ.

ಹಾಳಾಗಿ ಹೋಗಲಿ ಅಂದುಕೊಂಡ. ಬಗ್ಗಿದ. ಹದಿಮೂರು ದಿನಗಳಲ್ಲಿ ಮೊದಲ ಸಲ ಬಗ್ಗಿದ, ಮುಖದ ರಕ್ತವೆಲ್ಲ ಮೂಗಿನ ತುದಿಗೆ ಇಳಿದು ದಬದಬ ಅಂದಿತು. ಮಗುವನ್ನು ಎದೆಗೆ ಒತ್ತಿ, ಗಂಧದ ತಲೆಗೆ ಕೆನ್ನೆ ಕೊಟ್ಟು ಅಪ್ಪಿಕೊಂಡ. ಒಂದು ಕಿವಿ ಆಯಿತು. ಆಸಾರಿ ಆ ಕಡೆಗೆ ಹೊರಳಿ ಕೂತ. ಎರಡನೆಯದು ಆಗುವ ಕ್ಷಣದಲ್ಲಿ ಯಾಳಿನಿ ತನ್ನ ಬೋಳು ತಲೆಯನ್ನು ಇದ್ದ ಬದ್ದ ಬಲವನ್ನೆಲ್ಲ ಹಾಕಿ ಎತ್ತಿ ಒಗೆದಳು. ಟಕ್ ಎಂದು ಸದ್ದು ಬಂತು. ಆ ಸದ್ದು ಅವನಿಗೆ ಒಳಗಿನಿಂದ ಕೇಳಿಸಿತು. ಕಣ್ಣಲ್ಲಿ ದಳದಳ ನೀರು. ಕೈ ಮಾತ್ರ ಬಿಡಲಿಲ್ಲ. "ಮಾಮನ ಕರುಳು ನೋಡ್ರೀ, ಮಗು ಅತ್ತರೆ ತಾನೂ ಅಳ್ತಾನೆ" ಎಂದರು ಜಾನಮ್ಮ, ಈಗ ಬೇರೆಯೇ ದನಿಯಲ್ಲಿ. ಗೋಕಿಲಾ ಒಬ್ಬಳು "ಅಯ್ಯಯ್ಯೋ ಹೋಯ್ತು" ಎಂದು ಕೂಗಿದಳು. ಏನು ಹೋಯಿತೆಂದು ಯಾರಿಗೂ ತಿಳಿಯಲಿಲ್ಲ.

ಅವನನ್ನು ಗುಡಿಯ ಹಿಂದಿನ ನಲ್ಲಿಯ ಹತ್ತಿರ ಕಲ್ಲಿನ ಮೇಲೆ ಕೂರಿಸಿದರು. ಗೋಕಿಲಾ ಐಸ್ ಹುಡುಕಿಕೊಂಡು ಅಡಿಗೆಯವರ ಕಡೆ ಓಡಿದಳು. ನಿವೇತಾ ಹಸಿ ಬಟ್ಟೆ ತಂದು, ಅವನ ಗಲ್ಲ ಎತ್ತಿ ಹಿಡಿದು, ಮೂಗಿನ ಕೆಳಗಿನ ರಕ್ತವನ್ನು ಒರೆಸಿದಳು. ಎರಡು ಹನಿ, ಅಷ್ಟೆ. ಗಂಧವನ್ನೂ ಒರೆಸಿದಳು. ಒರೆಸುತ್ತಿದ್ದ ಕೈ ನಿಂತಿತು. ಮದುವೆಗೆ ಮುಂಚೆ ಆರು ವರ್ಷ ತಿರುಪ್ಪೂರಿನಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ದಿನಕ್ಕೆ ಸಾವಿರ ಬನಿಯನ್ ನೋಡಿ, ತಪ್ಪಿದ ಒಂದೇ ಒಂದು ಹೊಲಿಗೆಯನ್ನು ಹಿಡಿದು ಆಚೆಗೆ ಎಸೆಯುತ್ತಿದ್ದವಳು ಅವಳು. ಎರಡು ಹೊಳ್ಳೆಗಳ ನಡುವಿನ ಚರ್ಮದ ಮೇಲೆ ತೆಳ್ಳಗೆ, ಕೆಂಪಗೆ ಇದ್ದ ಗೆರೆಯನ್ನು ಅವಳಿಂದ ಬಚ್ಚಿಡುವುದುಂಟೇ?

"ಸೈನಸ್‌ಗೆ ಇಲ್ಲೂ ಹೊಲೀತಾರಾ ಅಣ್ಣ?" ಎಂದು ಕೇಳಿದಳು.

ಸುಳ್ಳು ಬಾಯಿಯ ತನಕ ಬಂದು ನಿಂತಿತು, ಆದರೆ ಗಲ್ಲ ಅವಳ ಕೈಯಲ್ಲಿತ್ತು. ಅವಳು ಇನ್ನೊಮ್ಮೆ ಅವನ ಮೂಗನ್ನು ನೋಡಿದಳು, ತುದಿಯಿಂದ ಬುಡದ ತನಕ. ಆಮೇಲೆ ದೂರದಲ್ಲಿ ಸೆಂದಿಲ್ ಕುಮಾರನ ಹೆಗಲ ಮೇಲೆ ಬಿಕ್ಕುತ್ತಿದ್ದ ಮಗಳನ್ನು ನೋಡಿದಳು. "ಹೇಳಿದ್ರೆ ನಾ ಏನಾದ್ರೂ ಅಂತಿದ್ನಾ?" ಎಂದಳು. "ಇಲ್ಲ" ಎಂದ. "ಮತ್ತೆ?" "ನಾಚಿಕೆ ಆಯ್ತು ಪಾಪಾ" ಎಂದ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ. "ಮೂಗಿದ್ದಾಗಲೂ ನಾಚಿಕೆ, ತೆಗೆಸಿದ ಮೇಲೂ ನಾಚಿಕೆ." ಅವಳು ಬಟ್ಟೆಯನ್ನು ಹಿಂಡಿದಳು, ಮತ್ತೆ ಒದ್ದೆ ಮಾಡಿದಳು, ಮತ್ತೆ ಹಿಂಡಿದಳು. "ಅವಳಿಗೂ ಸ್ಕೂಲಿಗೆ ಹೋದ ಮೇಲೆ ಕಿಳಿಮೂಕ್ಕು ಅಂತಾರೆ ಅಲ್ಲವಾ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಗಳ ಕಡೆ ಹೊರಟುಹೋದಳು. ಆ ಮಾತಿಗಿಂತ ಆ ಬೋಳು ತಲೆ ಇನ್ನೂ ನಾಲ್ಕು ಸಲ ಬಡಿದಿದ್ದರೂ ಅವನು ತಾಳಿಕೊಳ್ಳುತ್ತಿದ್ದ.

ಊಟದ ಹೊತ್ತಿಗೆ ಹದಿಮೂರು ದಿನದ ದುಡಿಮೆ ಪೂರಾ ಮಣ್ಣುಪಾಲಾಗಿತ್ತು. ಫೋನಿನಲ್ಲಿ ಡಾಕ್ಟರ್ ಭೂಮಿ ಫೋಟೋ ತರಿಸಿಕೊಂಡು ನೋಡಿ, "ಎಲುಬು ಸರಿದ ಹಾಗೆ ಕಾಣಲ್ಲ, ಊತ ಮಾತ್ರ. ನಾಳೆ ಬಂದು ತೋರಿಸಿ. ಉಪ್ಪು ಮಾತ್ರ ಮುಟ್ಟಬೇಡಿ" ಎಂದರು. ಮೂಗಿನ ನಡುವೆ ಗುಬುಟು ಎದ್ದು, ತುದಿ ಕೆಳಕ್ಕೆ ಜೋತು, ಎರಡೂ ಕಡೆ ಬೀಗಿ ನಿಂತಿತ್ತು. ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಅವ್ವ ಎಲೆಗೆ ನೀರು ಚಿಮುಕಿಸುತ್ತಿದ್ದವಳು ತಲೆ ಎತ್ತಿ ನೋಡಿದಳು. ನೋಡಿ ನೋಡಿ ಅವಳ ಮುಖ ಅರಳಿತು. "ಈಗ ಸರಿ ಹೋಯ್ತು ನೋಡು" ಎಂದಳು ಗಟ್ಟಿಯಾಗಿ, ಸಾಲಿನ ಆ ತುದಿಗೂ ಕೇಳಿಸುವ ಹಾಗೆ. "ಬೆಳಗ್ಗೆ ಬಂದಾಗ ಯಾರೋ ಅನ್ನಿಸ್ತು ನನಗೆ. ಈಗ ನಿಮ್ಮ ತಾತ ಬೆಳ್ಳಿಯಪ್ಪನೇ ಬಂದು ಕೂತಂಗೆ ಅದೆ. ಆ ಕಡೆ ಮಾಮ, ಈ ಕಡೆ ಸೊಸೆ, ಎರಡು ಮೂಗೂ ಒಂದೇ ಅಚ್ಚು!" ಪಂಕ್ತಿಯೆಲ್ಲ ತಿರುಗಿ ನೋಡಿತು. ನಿವೇತಾಳ ಸೊಂಟದ ಮೇಲೆ ಯಾಳಿನಿ, ಕಿವಿಯಲ್ಲಿ ಹೊಸ ಓಲೆ, ಕೆನ್ನೆಯ ಮೇಲೆ ಒಣಗಿದ ಕಣ್ಣೀರು. "ಆಮಾ ಆಮಾ, ಒಂದೇ ಅಚ್ಚು" ಎಂದರು ಜಾನಮ್ಮ. ನಿವೇತಾ ಅಣ್ಣನನ್ನು ನೋಡಿದಳು. ಸಿಟ್ಟು ಇನ್ನೂ ಇತ್ತಾ, ಹೋಗಿತ್ತಾ, ಕನ್ನಡಕವಿಲ್ಲದ ಕಣ್ಣಿಗೆ ಅಷ್ಟು ತಿಳಿಯಲಿಲ್ಲ.

ಅವಳು ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಉಪ್ಪಿನ ಬಟ್ಟಲು ತೆಗೆದುಕೊಂಡು ಬಡಿಸಲು ಬಂದಳು. ಸಾಲಾಗಿ ಎಲೆಯ ತುದಿಗೆ ಒಂದೊಂದು ಚಿಟಿಕೆ ಇಡುತ್ತ ಬಂದು ಅವನ ಎಲೆಯ ಮುಂದೆ ನಿಂತಳು. ಅಲ್ಲಿ ಗೋಕಿಲಾ ಆಗಲೇ ಡಬ್ಬಿಯ ಅನ್ನ, ಸಪ್ಪೆ ಸೋರೆಕಾಯಿ ಹಾಕಿ ಇಟ್ಟಿದ್ದಳು.

"ಹಾಕು" ಎಂದ ಸರವಣಕುಮಾರ್.

"ಏನುಂಗ!" ಎಂದು ಆ ಸಾಲಿನಿಂದ ಗೋಕಿಲಾ ಕೂಗಿದಳು.

"ಊತ ಇಳಿಯಲ್ಲ ಅಣ್ಣ" ಎಂದಳು ನಿವೇತಾ ಮೆಲ್ಲಗೆ, ಅವನಿಗೊಬ್ಬನಿಗೇ ಕೇಳುವ ಹಾಗೆ.

"ಇಳಿಯೋದು ಬೇಡ" ಎಂದ. "ಇವತ್ತು ಬೇಡ. ಹಾಕು ಪಾಪಾ."

ಅವಳು ಒಂದು ಚಿಟಿಕೆ ಇಟ್ಟಳು. ಸಾಕೆಂದು ಅವನು ಕೈ ಅಡ್ಡ ಹಿಡಿಯಲಿಲ್ಲ. ಇನ್ನೊಂದು ಇಟ್ಟಳು. ಆಮೇಲೆ ಅವಳ ತುಟಿಯ ಮೂಲೆಯಲ್ಲಿ ಏನೋ ಸಡಿಲವಾಗಿ, ಮುಷ್ಟಿ ತುಂಬ ತೆಗೆದು ಎಲೆಯ ತುದಿಯಲ್ಲಿ ಗುಡ್ಡೆ ಹಾಕಿದಳು, ಮೂರು ಜನಕ್ಕಾಗುವಷ್ಟು, ಪಕ್ಕಕ್ಕೆ ಎರಡು ಹೋಳು ಮಾವಿನಕಾಯಿ ಉಪ್ಪಿನಕಾಯಿಯನ್ನೂ. ಮಗು ಜಾನಮ್ಮನ ಹೆಗಲ ಮೇಲಿಂದ ಇವನ ಮೂಗನ್ನೇ ನೋಡುತ್ತಿತ್ತು. ಅವನು ಬೆರಳನ್ನು ಉಪ್ಪಿಗೆ ಅದ್ದಿ ನಾಲಿಗೆಗೆ ಇಟ್ಟುಕೊಂಡ. ಹದಿಮೂರು ದಿನಗಳ ಮೇಲೆ ಬಾಯಿಗೆ ಏನೋ ತಿಳಿಯಿತು. ಕಲಸಿಕೊಂಡು ತಿನ್ನತೊಡಗಿದ.